ಚೆರ್ರಿ ಪೈ ತಿಂದು ಕೊಟ್ಟ ಮಾತು

ನೊರೀನ್ ಹ್ಯಾಕೆಟ್ ಆ ಬೆಳಿಗ್ಗೆ ದೇಶದ ಅಧ್ಯಕ್ಷನನ್ನು ಹಿಡಿದು ಹಾಕಲು ಸಿದ್ಧಳಾಗಿ ನಿಂತಿದ್ದಳು. ಸಾಕ್ಷಿ ಗೋಡೆಯ ಮೇಲಿತ್ತು. ಗಾಜಿನ ಚೌಕಟ್ಟಿನೊಳಗೆ ಕೈ ಒರೆಸುವ ಒಂದು ಕಾಗದ, ಅದರ ಮೇಲೆ ಅವನದೇ ಕೈಬರಹ: ‘ನೊರೀನ್, ನಿಮ್ಮ ಸೇತುವೆಗೆ ಹಣ ಕಳಿಸುತ್ತೇನೆ.’ ಕೆಳಗೆ ಸಹಿ. ಸಹಿಯ ಬಾಲಕ್ಕೆ ಚೆರ್ರಿ ಪೈನ ಕೆಂಪು ಕಲೆ.

ಎರಡು ವರ್ಷದ ಹಿಂದೆ, ಎರಡನೆಯ ಸಲ ಗೆಲ್ಲಲು ಊರೂರು ಅಲೆಯುತ್ತಿದ್ದಾಗ, ಆತ ಅವಳ ಹೋಟೆಲಿಗೂ ಬಂದಿದ್ದ. ಎರಡು ಹೋಳು ಪೈ ತಿಂದ. ಮೂಗಿಗೆ ತುಪ್ಪ ಸವರಿದ. ಗೆದ್ದೂ ಗೆದ್ದ. ಅವಳ ಊರು ಟಿಲ್ಮನ್ ಫೆರಿಯ ಸೇತುವೆ ಮಾತ್ರ ಅಂದಿನಂತೆ ಇಂದೂ ಬಂದ್. ಹೊಳೆಯಾಚೆಯ ಕಾರ್ಖಾನೆಯವರು ಊಟಕ್ಕೆ ಬರುವುದು ನಿಂತೇ ಹೋಯಿತು. ಅಜ್ಜಿ ಕಟ್ಟಿದ ಹೋಟೆಲು; ಹನ್ನೆರಡು ಮೇಜುಗಳಲ್ಲಿ ಒಂಬತ್ತರ ಮೇಲೆ ಕುರ್ಚಿಗಳನ್ನು ಕವುಚಿ ಹಾಕಿತ್ತು. ಶನಿವಾರ ಬಾಗಿಲು ಹಾಕುವುದೆಂದು ನೊರೀನ್ ಗಟ್ಟಿ ಮನಸ್ಸು ಮಾಡಿದ್ದಳು. ಆದರೆ ಅದಕ್ಕೆ ಮೊದಲು ಆ ಮನುಷ್ಯನ ಮಾನ ಹರಾಜು ಹಾಕದೆ ಬಿಡುವವಳಲ್ಲ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುತ್ತಾರೆ. ಇಲ್ಲಿ ದಾಟಿದವನು ಅವನೊಬ್ಬನೇ, ಅಷ್ಟೇ ವ್ಯತ್ಯಾಸ.

ಟಿ.ವಿ.ಯ ಟೆಸ್ಸಾ ಮೂರನೆಯ ಸಲ ಬಂದಿದ್ದಳು. ರಾಜಧಾನಿಯಿಂದ ವಿಮಾನ, ಅಲ್ಲಿಂದ ಬಾಡಿಗೆ ಕಾರು, ಹಳ್ಳಿಗೆಂದೇ ಕೊಂಡ ಹೊಸ ಬೂಟು. ಪ್ರಶ್ನೆ ಮಾತ್ರ ಹಳೆಯದು: ಅಧ್ಯಕ್ಷರ ಮೇಲೆ ನಿಮಗೆ ಸಿಟ್ಟಿದೆಯೇ? ಪ್ರತಿ ಸಲವೂ ನೊರೀನಳ ಸಿಟ್ಟು ಅರ್ಧ ನಿಮಿಷ ದೇಶವೆಲ್ಲ ಓಡುತ್ತಿತ್ತು. ಸೇತುವೆ ನೂರು ಹೆಜ್ಜೆ ದೂರ. ಟೆಸ್ಸಾ ಅದನ್ನು ಒಮ್ಮೆಯೂ ನೋಡಿರಲಿಲ್ಲ.

ಊರಿನ ವಾರಪತ್ರಿಕೆ ಮುಚ್ಚಿ ಆರು ವರ್ಷವಾಗಿತ್ತು. ಆ ಕಟ್ಟಡದಲ್ಲಿ ಈಗ ಉಗುರಿಗೆ ಬಣ್ಣ ಹಚ್ಚುತ್ತಾರೆ. ಸತ್ತವರ ಸುದ್ದಿ ಕ್ಷೌರದಂಗಡಿಯಲ್ಲಿ ಸಿಗುತ್ತಿತ್ತು, ಉಳಿದದ್ದು ಹೋಟೆಲಿನ ಟಿ.ವಿ.ಯಲ್ಲಿ. ನೊರೀನ್ ರಾಜಧಾನಿಯ ಒಬ್ಬೊಬ್ಬ ಸಚಿವನ ಹೆಸರನ್ನೂ ಹೇಳಿ ಬೈಯಬಲ್ಲಳು. ತಮ್ಮದೇ ಜಿಲ್ಲೆಯನ್ನು, ಅಂದರೆ ಕೌಂಟಿಯನ್ನು, ನಡೆಸುವವರು ಯಾರೆಂದು ಕೇಳಿದರೆ ಸಾಸ್ ಬಾಟಲಿ ಒರೆಸಲು ಶುರುಮಾಡುವಳು.

ಅವಳಿಗೆ ಅನುಮಾನವಿದ್ದದ್ದು ಮೂಲೆಯ ಮೇಜಿನ ಆರ್ವಿಲ್ ಮೇಲೆ. ಮೂವತ್ತು ವರ್ಷ ಕೌಂಟಿಯ ವೋಟು ಎಣಿಸಿ ಈಚೆಗೆ ನಿವೃತ್ತನಾದ ಮುದುಕ. ಅವಳು ಅಧ್ಯಕ್ಷನನ್ನು ಬೈಯಲು ಶುರುವಿಟ್ಟರೆ ಸಾಕು, ತಲೆ ತಗ್ಗಿಸಿ ತಟ್ಟೆ ನೋಡುತ್ತಿದ್ದ. ಖಂಡಿತ ಅಧ್ಯಕ್ಷನ ಕಡೆಯವನೇ ಎಂದು ಅವಳು ತೀರ್ಮಾನಿಸಿದ್ದಳು. ಅದಕ್ಕೇ ಅವನಿಗೆ ಪೈನ ಎಲ್ಲಕ್ಕಿಂತ ಸಣ್ಣ ಹೋಳೇ ಹೋಗುತ್ತಿತ್ತು.

ಕ್ಯಾಮೆರಾದ ಕೆಂಪು ದೀಪ ಹೊತ್ತಿತು.

“ವೋಟು ಹಾಕ್ದೆ ಮನೇಲಿ ಕೂತೋರಿಗೆ ಕೇಳೋ ಹಕ್ಕಿಲ್ಲ ಕಣಮ್ಮಾ,” ಎಂದಳು ನೊರೀನ್. “ನಾನು ಹಾಕಿದೀನಿ. ಅದಕ್ಕೇ ಕೇಳ್ತಿದೀನಿ, ಎಲ್ಲಿ ನಮ್ಮ ಸೇತುವೆ?”

ವೋಟಿನ ದಿನದ ಕಥೆಯನ್ನೂ ಹೇಳಿದಳು. ಬೇಕನ್ ಕಾವಲಿಯ ಮೇಲಿತ್ತು. ರಸ್ತೆ ದಾಟಿ, ಅವತ್ತು ಮತಗಟ್ಟೆಯಾಗಿದ್ದ ಅಗ್ನಿಶಾಮಕ ಠಾಣೆಗೆ ಓಡಿದಳು, ಸೇತುವೆಯ ಆಸೆಗೆ ಅಧ್ಯಕ್ಷನ ಹೆಸರಿನ ಮುಂದೆ ಗುರುತು ಹಾಕಿದಳು, ಬೇಕನ್ ಸೀಯುವ ಮೊದಲೇ ವಾಪಸು. ‘ನಾನು ಮತ ಹಾಕಿದೆ’ ಎಂದು ಅಲ್ಲಿ ಕೊಟ್ಟ ಚೀಟಿ ಚೌಕಟ್ಟಿನ ಗಾಜಿಗೇ ಅಂಟಿಕೊಂಡಿತ್ತು. ಟೆಸ್ಸಾ ಅದನ್ನು ಹತ್ತಿರದಿಂದ ಚಿತ್ರ ಹಿಡಿಸಿದಳು.

ಇನ್ನೊಂದು ಸಿಟ್ಟಿನ ಮುಖ ಬೇಕಿತ್ತು. ಟೆಸ್ಸಾ ಮೈಕನ್ನು ಮೂಲೆಗೆ ಒಯ್ದಳು. ಅಧ್ಯಕ್ಷರು ಮಾತಿಗೆ ತಪ್ಪಿದ್ದಕ್ಕೆ ನಿಮಗೇನನ್ನಿಸುತ್ತದೆ?

ಆರ್ವಿಲ್ ಬಾಯಿ ಒರೆಸಿಕೊಂಡ.

“ಆಯಪ್ಪ ತಪ್ಪಲಿಲ್ಲ. ಎಲೆಕ್ಷನ್‌ಗೆ ಮುಂಚೇನೇ ದುಡ್ಡು ಬಂತು, ನಾಲ್ಕರಲ್ಲಿ ಮೂರು ಪಾಲು. ಉಳಿದಿದ್ದು ನಾವು ತೆರಿಗೆ ಕಟ್ಟಿ ಹಾಕ್ಬೇಕಿತ್ತು. ಹಾಕೋಣ್ವಾ ಬೇಡ್ವಾ ಅಂತ ಅದೇ ವೋಟಿನ ಹಾಳೇಲಿ ಊರೋರನ್ನ ಕೇಳಿದ್ರು. ಇನ್ನೂರ ಹನ್ನೊಂದು ಜನ ಹಾಕೋಣ ಅಂದ್ರು, ಇನ್ನೂರ ಹನ್ನೊಂದು ಜನ ಬೇಡ ಅಂದ್ರು. ಸಮ ಬಂದ್ರೆ ಬಿದ್ದಂಗೆ. ದುಡ್ಡು ಬಂದ ದಾರೀಲೇ ವಾಪಸ್ ಹೋಯ್ತು.”

ಟೆಸ್ಸಾ ಕ್ಯಾಮೆರಾದವನಿಗೆ ಸಾಕೆಂದು ಕೈ ಮಾಡಿದಳು. ತೆರಿಗೆ, ಕೌಂಟಿ, ಪಾಲು, ಇವೆಲ್ಲ ನೋಡುವವರಿಗೆ ತಲೆನೋವು, ಬೇಕಾದಷ್ಟು ಸಿಟ್ಟು ಸಿಕ್ಕಿದೆ ಎಂದು ನೊರೀನಳ ಕೈ ಕುಲುಕಿ ಹೊರಟೇಹೋದಳು.

ನೊರೀನ್ ಸೊಂಟದ ಮೇಲೆ ಕೈಯಿಟ್ಟು ಮೂಲೆಯ ಮೇಜಿಗೆ ಬಂದಳು. ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದಳು. ಯಾರೂ ತನ್ನನ್ನು ಕೇಳಲಿಲ್ಲವಲ್ಲ ಎಂದ ಆರ್ವಿಲ್. ಅವಳಿಗೆ ಮೈಯೆಲ್ಲ ಉರಿಯಿತು. ಒಂದೇ ಒಂದು ವೋಟು. ಅಜ್ಜಿಯ ಹೋಟೆಲು ಒಂದು ವೋಟಿಗೆ ಹೋಯಿತು.

“ಅವತ್ತು ವೋಟು ಹಾಕೋಕೆ ಬಂದೋರು ಎಂಟುನೂರು ಜನ,” ಎಂದ ಅವನು. “ಅಧ್ಯಕ್ಷ ಯಾರಾಗ್ಬೇಕು ಅಂತ ಎಲ್ಲರೂ ಗುರುತು ಹಾಕಿದ್ರು. ಹೆಚ್ಚುಕಮ್ಮಿ ಅರ್ಧ ಜನ ಸೇತುವೆ ಪ್ರಶ್ನೆ ಹತ್ರ ಪೆನ್ನೇ ಇಡ್ಲಿಲ್ಲ.”

“ಎಂಥಾ ದರಿದ್ರ ಜನಾನೋ ಏನೋ. ಯಾಕಂತೆ?”

“ಅವಸರದಲ್ಲಿದ್ರು ಅನ್ಸುತ್ತೆ.”

“ಸುಳ್ಳು ಹೇಳ್ಬೇಡ ಆರ್ವಿಲ್. ಅಂಥ ಪ್ರಶ್ನೆ ಇದ್ದಿದ್ರೆ ನನ್ನ ಕಣ್ಣಿಗೆ ಬೀಳ್ದೆ ಇರ್ತಿತ್ತಾ? ಎಲ್ಲಿತ್ತು ಅದು?”

ಆರ್ವಿಲ್ ಮೇಜಿನ ಮೇಲಿದ್ದ ತಿಂಡಿಪಟ್ಟಿಯ ಹಾಳೆಯನ್ನು ಎತ್ತಿಕೊಂಡು, ನಿಧಾನವಾಗಿ ಮಗುಚಿ, ಅವಳ ಮುಂದಿಟ್ಟ.

ನೊರೀನ್ ಗೋಡೆಯ ಮೇಲಿನ ಚೀಟಿಯನ್ನೊಮ್ಮೆ, ಮಗುಚಿದ ಹಾಳೆಯನ್ನೊಮ್ಮೆ ನೋಡಿದಳು. ಪಕ್ಕದ ಕುರ್ಚಿಯನ್ನು ಎಳೆದುಕೊಂಡು ಕೂತಳು.

“ಆ ವೋಟಿನ ಹಾಳೆಗೆ ಹಿಂದ್ಗಡೆ ಪುಟಾನೂ ಇತ್ತಾ?”