ಹನ್ನೆರಡು ಕುರಿಗೊಂದು ನಾಯಿ

ಮುಧೋಳದ ನಾಯಿ ದೊಡ್ಡಿಯೊಳಗೆ ಕಾಲಿಟ್ಟದ್ದೇ ತಡ, ಬೇಲಿ ಹಾರಿ ಓಡಿತು. ಹೊಲದಾಚೆ ಅದಕ್ಕೊಂದು ಮೊಲ ಕಂಡಿತ್ತು. ಕುರಿಗಳ ರಕ್ಷಣೆ ಅಲ್ಲಿಗೆ ಮುಗಿಯಿತು.

"ಭಾರೀ ಕಾವಲು ಬಿಡಪಾ," ಎಂದ ಹೊನ್ನೇಶ. "ತ್ವಾಳ ಬಂದ್ರ, ನಾಯಿ ಮೊಲದ ಹಿಂದ ಹೋಗೈತಿ, ಬರೂತನಕಾ ಕುಂಡ್ರು ಅಂತ ನಾ ಹೇಳಬೇಕೇನು?"

ನಾಯಿ ತಂದಿದ್ದ ಬೆಟಗೇರಿಯ ಅರ್ಜುನ ಸೀಟಿ ಹೊಡೆಯುತ್ತ ಅದರ ಹಿಂದೆಯೇ ಓಡಿದ.

ಸೊರಟೂರಿನ ಹೊನ್ನೇಶನಿಗೆ ಇದ್ದದ್ದು ಎರಡೆಕರೆ ಹೊಲ, ಅದರ ಮೂಲೆಯಲ್ಲಿ ಮುಳ್ಳುಬೇಲಿಯ ದೊಡ್ಡಿ, ದೊಡ್ಡಿಯಲ್ಲಿ ಹನ್ನೆರಡು ಕುರಿ. ಹೋದ ತಿಂಗಳವರೆಗೆ ಏಳೇ ಇದ್ದವು. ಆದರೆ ಊರಿನ ಕುರಿ ಸಾಕುವವರ ಸಂಘಕ್ಕೆ ಅಧ್ಯಕ್ಷನಾಗಬೇಕೆಂದರೆ ಕನಿಷ್ಠ ಹನ್ನೆರಡು ಕುರಿ ಇರಲೇಬೇಕು, ಅದು ಸಂಘದ ನಿಯಮ. ಅಧ್ಯಕ್ಷನಾಗುವ ಆಸೆ ಹೊನ್ನೇಶನಿಗೆ ಎಷ್ಟಿತ್ತೆಂದರೆ, ಆ ದಿನಕ್ಕೆಂದು ಹೊಲಿಸಿದ ಬಿಳಿ ಅಂಗಿ ಆಗಲೇ ಇಸ್ತ್ರಿಯಾಗಿ ಗೂಟಕ್ಕೆ ತೂಗುತ್ತಿತ್ತು. ಉಳಿದ ಐದನ್ನು ಲಕ್ಷ್ಮೇಶ್ವರದ ಸಂತೆಯಿಂದ ತಂದೆನೆಂದು ಊರಿಗೆಲ್ಲ ಹೇಳಿಬಂದ. ತಂದ ದಿನವೇ ಉಣ್ಣೆ ಕತ್ತರಿಸಿ, ಬೆನ್ನಿಗೆ ತನ್ನ ನೀಲಿ ಗುರುತು ಬಳಿದ. ಹೊಸ ಹುರುಪು ಎಂದು ಜನ ನಕ್ಕರು.

ಸೋಮವಾರ ಸಂಘದವರು ಎಣಿಸಲು ಬರುವವರಿದ್ದರು. ಅಷ್ಟರೊಳಗೆ ಒಂದು ಕುರಿ ಕಡಿಮೆಯಾದರೂ ಅಂಗಿ ಗೂಟದಲ್ಲೇ ಉಳಿಯುತ್ತಿತ್ತು. ಅದಕ್ಕೇ ಈ ನಾಯಿಯ ಹುಡುಕಾಟ. ತೋಳಕ್ಕಿಂತ ಹೊನ್ನೇಶನಿಗೆ ಕಳ್ಳರ ಭಯವೇ ಹೆಚ್ಚು. ಕುರಿ ಕದಿಯುವುದು ಎಷ್ಟು ಸುಲಭವೆಂದು ಚಹಾದಂಗಡಿಯಲ್ಲಿ ಕೂತು ಎಷ್ಟು ಚೆನ್ನಾಗಿ ವಿವರಿಸುತ್ತಿದ್ದನೆಂದರೆ, ಕೇಳಿದವರು ಮನೆಗೆ ಹೋಗಿ ತಮ್ಮ ಕುರಿ ಎಣಿಸಿಕೊಳ್ಳುತ್ತಿದ್ದರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸಂತೆಗಳಲ್ಲೆಲ್ಲ ತಾನೇ ಖಬರು ಹಬ್ಬಿಸಿದ: ಸೊರಟೂರ ಹೊನ್ನೇಶನ ಏಳು ಕುರಿ ಹನ್ನೆರಡಾಗಿವೆ, ಕಾಯಲು ಒಳ್ಳೆಯ ನಾಯಿ ಬೇಕು.

ಗದಗದಿಂದ ಒಂದು ಜರ್ಮನ್ ನಾಯಿ ಕಾರಿನಲ್ಲಿ ಬಂದಿತ್ತು. ಬಿಸಿಲು ನೋಡಿ ಕಾರಿನಿಂದ ಇಳಿಯಲೇ ಇಲ್ಲ. "ಇದನ್ನ ಕಾಯಾಕ ಮೊದಲ ಒಂದು ನಾಯಿ ಇಡಬೇಕು," ಎಂದು ಹೊನ್ನೇಶ ಅದನ್ನು ಹಾಗೇ ವಾಪಸ್ ಕಳಿಸಿದ್ದ.

ಮೂರನೆಯದು ನಡೆದೇ ಬಂತು. ಜೊತೆಗೆ ಹೆಗಲ ಮೇಲೆ ಕಂಬಳಿ ಹೊದ್ದ ಕುರಿಗಾರ ಮುದುಕಿ, ಶಿರಹಟ್ಟಿ ಕಡೆಯ ಬೀರವ್ವ. ಕೊರಳಿಗೆ ಹಗ್ಗವಿಲ್ಲದ ಮಣ್ಣುಬಣ್ಣದ ನಾಯಿ, ಒಂದು ಕಿವಿ ಹರಿದಿತ್ತು.

"ಯವ್ವಾ, ಇದು ನಾಯೇನ?" ಎಂದ ಹೊನ್ನೇಶ. "ಹಸದ ತ್ವಾಳಾನೂ ಇದನ್ನ ಕಂಡ್ರ ಕಣ್ಣೀರು ಹಾಕತೈತಿ."

ಬೇವಿನ ಕೆಳಗೆ ಹೊರಸಿನ ಮೇಲೆ ಕೂತಿದ್ದ ಪಕ್ಕದ ಹೊಲದ ಮಕ್ತುಮಸಾಬ ನಕ್ಕ. ಸಂಘದ ಕಾರ್ಯದರ್ಶಿ ಅವನೇ. ಅವನ ನಗು ಹೊನ್ನೇಶನಿಗೆ ಬೇಕಾಗಿತ್ತು.

"ತಾಯಿ ಸತ್ತ ಮರಿ ಅಣ್ಣಾರ," ಎಂದಳು ಬೀರವ್ವ. "ನಮ್ಮ ಕುರಿ ಮೊಲಿ ಕುಡದು ಬೆಳದೈತಿ. ಕುರಿ ಬಿಟ್ಟ್ರ ಇದಕ್ಕ ಬ್ಯಾರೆ ಬಳಗ ಇಲ್ರಿ."

"ಒಡತಿ ಹಿಂದ ಓಡೂ ಚಟ ಐತೇನು? ಕೆಲವು ನಾಯಿ ಇರ್ತಾವು, ಒಡತಿ ಸಂತಿಗೆ ಹೊಂಟ್ಳಂದ್ರ ಬಾಲ ಅಳ್ಳಾಡಿಸಿಕೋತ ಹಿಂದ ಹೊಕ್ಕಾವು. ಇತ್ತ ಗಂಡ ಜಾಲಿ ಗಿಡದ ನೆಳ್ಳಾಗ ಕಂಬಳಿ ಹೊಚ್ಚಿಕೊಂಡು ಗೊರಕಿ ಹೊಡೀತಿರ್ತಾನ. ಕುರಿ ಹೋದ್ವಲ್ಲ!"

ಬೀರವ್ವ ಅವನ ಮುಖವನ್ನೇ ನೋಡಿದಳು.

"ಕಣ್ಣಿಲೆ ಕಂಡಾಂಗ ಹೇಳಿದ್ರಿ," ಎಂದಳು. "ಇತ್ತ್ರಿ ಇದಕ್ಕ ಆ ಚಟ. ಈಗ ಬುದ್ಧಿ ಬಂದೈತಿ."

ಹೊಗಳಿಕೆ ಕೇಳಿ ಹೊನ್ನೇಶ ಉಬ್ಬಿಹೋದ. "ಆತು, ಏನು ತಗೋತಿ ಹೇಳು."

"ಮೊದಲ ದೊಡ್ಡಿಗೆ ಬಿಡೂಣ್ರಿ. ಕುರಿ ಒಪ್ಪಬೇಕು. ಕುರಿ ಒಪ್ಪಲಾರದ ನಾಯಿ ನಾವು ಯಾರಿಗೂ ಕೊಡಂಗಿಲ್ಲ."

"ಬರ್ರಿ ಮಕ್ತುಮಸಾಬ, ಬರ್ರಿ!" ಹೊನ್ನೇಶ ಕೂಗಿದ. "ಕುರಿ ಕೂಡಿ ನಾಯಿ ಆರಿಸ್ತಾವಂತ. ನಿಮ್ಮ ಸಂಘಕ್ಕಿಂತ ಛಲೋ ಚುನಾವಣಿ!"

ನಾಯಿ ಒಳಹೊಕ್ಕಿತು. ಬೊಗಳಲಿಲ್ಲ, ಓಡಲಿಲ್ಲ. ಏಳು ಕುರಿಗಳು ಬೆದರಿ ಮೂಲೆಗೆ ಒತ್ತಿಕೊಂಡು ನೆಲಕ್ಕೆ ಕಾಲು ಬಡಿದವು. ನಾಯಿ ಅವುಗಳ ಕಡೆ ತಿರುಗಿಯೂ ನೋಡದೆ ದಾಟಿಹೋಯಿತು. ಆಚೆ ನಿಂತಿದ್ದ ಒಂದು ಮುದಿ ಕುರಿಯ ಹೊಟ್ಟೆಯ ಕೆಳಗೆ ಮೂತಿ ತೂರಿಸಿ ಕುಂಯ್‌ಗುಟ್ಟಿತು. ಕುರಿ ಕದಲಲಿಲ್ಲ. ಕೊರಳು ಹೊರಳಿಸಿ ಅದರ ಹರಿದ ಕಿವಿಯನ್ನು ನೆಕ್ಕಿತು. ಇನ್ನೂ ನಾಲ್ಕು ಕುರಿಗಳು ಬಂದು ನಾಯಿಯ ಸುತ್ತ ನಿಂತವು. ಬೀರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನೋಡಿದ್ರೇನು!" ಹೊನ್ನೇಶ ಚಪ್ಪಾಳೆ ತಟ್ಟಿದ. "ಬಂದ ದಿನಾನ ಹೆಂಗ ಒಪ್ಪಿಕೊಂಡ್ವು! ಇದ ನಾಯಿ ಬೇಕು ನನಗ. ಮಾತು ಮುಗೀತು."

ಮಕ್ತುಮಸಾಬ ನಗಲಿಲ್ಲ. ಅವನು ಎಣಿಸುತ್ತಿದ್ದ. ಆ ಮೂಲೆಯಲ್ಲಿ ಏಳು, ಈ ಕಡೆ ಐದು. ಇನ್ನೊಮ್ಮೆ ಎಣಿಸಿದ. ಆಮೇಲೆ ಹೊನ್ನೇಶನ ಕಡೆ ನೋಡಿದ.

"ನಾಯಿ ಮಾರಾಕ ಬಂದಿಲ್ರಿ ಅಣ್ಣಾರ, ನನ್ನ ಐದು ಕುರಿ ಒಯ್ಯಾಕ ಬಂದೀನಿ," ಎಂದಳು ಬೀರವ್ವ, ದೊಡ್ಡಿಯ ಬಾಗಿಲು ತೆಗೆಯುತ್ತ. "ಕುರಿ ಕಳುವಾದ ಸಂತಿ ದಿನ ಜಾಲಿ ಗಿಡದ ನೆಳ್ಳಾಗ ಮಲಗಿದ್ದೆ ಅಂತ ನನ್ನ ಗಂಡಾನ ಇನ್ನೂ ಒಪ್ಪಿಲ್ಲ, ನಿಮಗ ಹೆಂಗ ಗೊತ್ತಾತು?"