ಮೇಜು ಬಿಟ್ಟು ಏಳದ ಕೋವಿ

ಮಡಿಕೇರಿಯ ಕೋವಿ ಅಂಗಡಿಗೆ ಚೋಂದಮ್ಮ ಬಂದಾಗ ಅವರ ಹಿಂದೆ ಮೂವತ್ತು ದಾಟಿದ ಬೆಳ್ಯಪ್ಪನೂ ಬಂದ. ಬಂದವನು ಬಾಗಿಲಲ್ಲೇ ನೆಲ ನೋಡುತ್ತ ನಿಂತ.

“ಇವನಿಗೊಂದು ರೈಫಲ್ ಬೇಕು. ದೂರದ ಗುರಿಗೆ ಹೊಡೆಯೋಕೆ. ಇಂಥದ್ದು ಇದೇ ಮೊದಲನೇದು,” ಎಂದರು ಚೋಂದಮ್ಮ.

ಅಂಗಡಿಯವರು ಹಗುರವಾದದ್ದೊಂದನ್ನು ಇಳಿಸಿದರು. “ಇದನ್ನ ಹೆಗಲಿಗೆ ಹಾಕ್ಕೊಂಡು ಎಲ್ಲಿಗೆ ಬೇಕಾದ್ರೂ ಹೋಗ್ಬಹುದು.”

“ಅದು ಬೇಡ. ಮೇಜಿನ ಮೇಲಿಟ್ಟು, ಕೂತು ಹೊಡೆಯೋದು.”

“ಹಾಗಾದ್ರೆ ಇದು ನೋಡಿ. ದಪ್ಪ ನಳಿಗೆ, ಆರು ಕೆ.ಜಿ. ಮರಳಿನ ಚೀಲದ ಮೇಲಿಟ್ರೆ ಅಲುಗಾಡಲ್ಲ. ಆದ್ರೆ ಹೊತ್ಕೊಂಡು ಕಾಡು ಸುತ್ತೋಕಾಗಲ್ಲ.”

“ಅದೇ ಬೇಕು.”

ಬೆಳ್ಯಪ್ಪ ಹತ್ತಿರ ಬರಲಿಲ್ಲ. ಚೋಂದಮ್ಮನೇ ಹೋಗಿ ಅವನನ್ನು ಕರೆತಂದು, ಅವನ ಕೈಯನ್ನು ನಳಿಗೆಯ ಮೇಲಿಟ್ಟರು. ಅವರ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಮರುಕವೂ ಇರಲಿಲ್ಲ.

“ಬೇಡ. ನನ್ನಿಂದಾಗಲ್ಲ,” ಎಂದ ಬೆಳ್ಯಪ್ಪ.

“ಎರಡು ವರ್ಷದಿಂದ ಕೋಣೆಯೊಳಗೇ ಕೂತಿದ್ದೀಯ. ಊರಲ್ಲಿ ನಿನ್ನಂಥ ಗುರಿಕಾರ ಇರಲಿಲ್ಲ. ಗುರಿ ಹೊಡೆಯೋ ಮೈದಾನದಲ್ಲಿ ನಿನ್ನೆದುರಿಗೆ ಬರೀ ಕಾಗದದ ಗುರಿ ಇರುತ್ತೆ ಕಣೋ. ಯಾರೂ ಅಡ್ಡ ಬರಲ್ಲ.”

ಬೆಳ್ಯಪ್ಪ ಕೈ ತೆಗೆಯಲಿಲ್ಲ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು; ಒರೆಸಿಕೊಳ್ಳಬೇಕೆಂದೂ ಅವನಿಗೆ ತೋಚಲಿಲ್ಲ.

ಅಂಗಡಿಯವರು ರೈಫಲನ್ನು ಪೆಟ್ಟಿಗೆಗೆ ಇಳಿಸುತ್ತ ಮೆಲ್ಲಗೆ ಹೇಳಿದರು: “ಮಗನ ಜೊತೆ ತಾಯಿಯೇ ಬಂದು ಕೋವಿ ಆರಿಸಿದ್ದು ನಾನು ನೋಡಿರಲಿಲ್ಲಮ್ಮ.”

ಚೋಂದಮ್ಮ ತಲೆಯಾಡಿಸಿದರು.

“ಇವನು ನನ್ನ ಮಗ ಅಲ್ಲ. ಹಂದಿ ಅಂದ್ಕೊಂಡು ನನ್ನ ಮಗನಿಗೆ ಗುಂಡು ಹೊಡೆದವನು.”