ಮೊದಲನೇ ಅಳು

ಆ ಕಾಲದಲ್ಲಿ ಎಳೆಕೂಸುಗಳು ಅಳ್ತಾನೇ ಇರಲಿಲ್ಲ ಕಣ್ರೀ. ಕೂಸಿಗೆ ಹಸಿವಾದ್ರೆ ತಾಯಿ ಹೊಟ್ಟೆ ಚುರ್ ಅನ್ನೋದು. ಕೂಸಿಗೆ ಇರುವೆ ಕಚ್ಚಿದ್ರೆ ತಾಯಿ ಕೆರ್ಕೊಳ್ಳೋಳು. ಇನ್ನು ಅಳೋದ್ಯಾಕೆ? ವನಜಾಕ್ಷೀನೂ ಹಂಗೇ, ಹತ್ತು ತಿಂಗಳ ಮಗನಿಗೆ ಬೆನ್ನು ಹಾಕ್ಕೊಂಡು ಹೊಲಿಗೆ ಮಿಷನ್ ತುಳೀತಾ ಕೂತಿದ್ಲು.

ಹಿಂದಿನಿಂದ ಕಿಟಾರ್ ಅಂತ ಒಂದು ಸದ್ದು. ತಿರುಗಿದ್ರೆ ಮಗ! ಮುಖ ಕೆಂಪಗೆ, ಬಾಯಿ ಇಷ್ಟಗಲ. ಇವಳ ಮೈಯಲ್ಲಿ ಮಾತ್ರ ಹಸಿವಿಲ್ಲ, ನೋವಿಲ್ಲ, ಏನೇನೂ ಇಲ್ಲ.

"ಅತ್ತೇ! ಮಗ ಸಾಯ್ತಾ ಇದಾನೆ!"

ಅತ್ತೆ ಹೊನ್ನಾಜಮ್ಮ ಅಕ್ಕಿ ಆರಿಸೋದು ಬಿಟ್ಟು ಏಳಲೇ ಇಲ್ಲ. "ಎಂಥ ಸಾಯೋದೇ? ನಿಮ್ಮಿಬ್ಬರ ಮೈ ನಂಟು ಬಿಟ್ಟಿದೆ. ವರ್ಷದೊಳಗೆ ಎಲ್ಲರಿಗೂ ಬಿಡುತ್ತೆ ಅಂತ ಹೇಳಿರಲಿಲ್ವಾ? ನಿನ್ನ ಗಂಡಂದು ಎಂಟು ತಿಂಗಳಿಗೇ ಬಿಟ್ಟಿತ್ತು."

"ನಮ್ಮಿಬ್ಬರಿಗೆ ಬಿಡಲ್ಲ ಅಂದ್ಕೊಂಡಿದ್ದೆ ಅತ್ತೆ!"

ನಂಬಬೇಕಲ್ಲ ಅವಳು? ಮಗನ ತೊಡೆ ಚಿವುಟೇಬಿಟ್ಲು ಕಣ್ರೀ! ಅವನು ಕಿರುಚಿದ. ಇವಳ ತೊಡೆ ತಣ್ಣಗಿತ್ತು.

"ಇವನಿಗೇನು ಬೇಕು ಅಂತ ಇನ್ಮೇಲೆ ನಂಗೆ ಹೆಂಗೆ ಗೊತ್ತಾಗ್ಬೇಕು?"

"ಮುಖ ನೋಡೇ. ಇಷ್ಟು ದಿನ ನೋಡಿದ್ರೆ ತಾನೆ!"

ನೋಡಿದ್ಲು. ಮೊಲೆ ಕೊಟ್ರೆ ತಳ್ಳಿದ. ಬಿಕ್ಕುತ್ತಾ ಬಿಕ್ಕುತ್ತಾ ಬೆರಳೆತ್ತಿದ. ಪೆದ್ದಿ, ಬೆರಳನ್ನೇ ನೋಡ್ತಾ ಕೂತ್ಲು.

"ಬೆರಳಲ್ವೇ, ಅದರಾಚೆ!" ಅಂದ್ರು ಅತ್ತೆ.

ಆಚೆ ಕಿಟಕಿ, ಕಿಟಕೀಲಿ ಕಾಗೆ.

"ಕಾಗೇನಾ ಕಂದಾ?"

ಮಗ ಗಪ್ಪಂತ ಸುಮ್ಮನಾದ. ಆದ್ರೆ ಕಾಗೆ ಕಡೆ ನೋಡಲಿಲ್ಲ. ತಿರುಗಿ ಅವಳ ಮುಖಾನೇ ನೋಡಿದ, ನೀನೂ ನೋಡಿದ್ಯಾ ಅನ್ನೋ ಹಂಗೆ. ಆಗ ಹೊಳೀತು ವನಜಾಕ್ಷಿಗೆ. ಅವಳೊಳಗೇನಿದೆ ಅಂತ ಅವನಿಗೂ ಈಗ ಗೊತ್ತಾಗ್ತಾ ಇರಲಿಲ್ಲ.